ಟರ್ಬೊ ಕಾರಿಗೆ ಹೊಸ ಉಸಿರು: ಹೆಚ್ಚುವುದು ಶಕ್ತಿಯೋ, ಸದ್ದೋ?

ಕಾರಿನೊಳಗೆ ಹೋಗುವ ಗಾಳಿಯ ದಾರಿಯನ್ನು ಅಗಲ ಮಾಡಿದರೆ ಎಂಜಿನ್‌ನ ಶಕ್ತಿ ತಾನಾಗಿಯೇ ಹೆಚ್ಚುತ್ತದೆ ಎಂಬ ನಂಬಿಕೆ ನಗರಗಳ ಯುವ ಮಾಲೀಕರಲ್ಲಿ ಬಲವಾಗಿ ಬೇರೂರಿದೆ. ಕಂಪನಿ ಕೊಟ್ಟ ಪ್ಲಾಸ್ಟಿಕ್ ಫಿಲ್ಟರ್ ಪೆಟ್ಟಿಗೆಯನ್ನು ಕಿತ್ತು, ಆ ಜಾಗದಲ್ಲಿ ಶಂಕುವಿನಾಕಾರದ ತೆರೆದ ಫಿಲ್ಟರ್ ಮತ್ತು ದಪ್ಪನೆಯ ಕೊಳವೆಯನ್ನು ಕೂರಿಸುವ ‘ಇನ್‌ಟೇಕ್ ಕಿಟ್’ಗಳಿಗೆ ಹತ್ತಾರು ಸಾವಿರ ರೂಪಾಯಿ ಸುರಿಯುವವರಿದ್ದಾರೆ. ಇದು ಕೇವಲ ಹವ್ಯಾಸದ ಪ್ರಶ್ನೆಯಾಗಿ ಉಳಿದಿಲ್ಲ. ಕಾನೂನು, ವಿಮೆ ಮತ್ತು ಪರಿಸರದ ಪ್ರಶ್ನೆಗಳೂ ಇದರೊಂದಿಗೆ ತಳಕು ಹಾಕಿಕೊಂಡಿವೆ.

ಟರ್ಬೊ ಎಂಜಿನ್ ಭಾರತದ ಮಧ್ಯಮವರ್ಗದ ಮನೆಯಂಗಳಕ್ಕೆ ಬಂದದ್ದರ ಹಿಂದೆ ತೆರಿಗೆ ನೀತಿಯ ಪಾತ್ರವಿದೆ. 2006ರ ಕೇಂದ್ರ ಬಜೆಟ್, ನಾಲ್ಕು ಮೀಟರ್ ಉದ್ದ ಮೀರದ, 1200 ಸಿಸಿಯೊಳಗಿನ ಪೆಟ್ರೋಲ್ ಕಾರುಗಳಿಗೆ ಅಬಕಾರಿ ಸುಂಕದಲ್ಲಿ ರಿಯಾಯಿತಿ ನೀಡಿತು. 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆಯೂ ಇದೇ ಗೆರೆಯನ್ನು ಉಳಿಸಿಕೊಂಡಿತು. ಈ ಮಿತಿಯೊಳಗಿನ ಕಾರಿಗೆ ಶೇ.18, ಮೀರಿದ್ದಕ್ಕೆ ಶೇ.40. ಎಂಜಿನ್ ದೊಡ್ಡದಾಗಬಾರದು, ಶಕ್ತಿ ಮಾತ್ರ ಬೇಕು ಎಂಬ ಇಕ್ಕಟ್ಟಿಗೆ ತಯಾರಕರು ಕಂಡುಕೊಂಡ ಉತ್ತರವೇ ಟರ್ಬೊ. ಹ್ಯುಂಡೈ ವೆನ್ಯೂ ಕಾರಿನ 1.2 ಲೀಟರ್ ಸಾಮಾನ್ಯ ಪೆಟ್ರೋಲ್ ಎಂಜಿನ್ 83 ಪಿಎಸ್ ಶಕ್ತಿ ನೀಡಿದರೆ, ಅದಕ್ಕಿಂತ ಚಿಕ್ಕದಾದ 1 ಲೀಟರ್ ಟರ್ಬೊ ಎಂಜಿನ್ 120 ಪಿಎಸ್ ನೀಡುತ್ತದೆ.

ಗಾಳಿಯ ಲೆಕ್ಕಾಚಾರ

ಒಂದು ಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹೆಚ್ಚು ಗಾಳಿ ತುಂಬಿದರೆ ಹೆಚ್ಚು ಇಂಧನ ಉರಿಸಬಹುದು. ಟರ್ಬೊದಲ್ಲಿ ಹೊಗೆಯ ರಭಸದಿಂದ ಒಂದು ಚಕ್ರ ತಿರುಗುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಬಾರಿ ಸುತ್ತುತ್ತ ಹೊರಗಿನ ಗಾಳಿಯನ್ನು ಎಳೆದು ಒತ್ತುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದರಿಂದ ಇಂಟರ್‌ಕೂಲರ್ ಅದನ್ನು ತಣಿಸಿ ಎಂಜಿನ್‌ಗೆ ಕಳುಹಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸರಿಸುಮಾರು ಹತ್ತರಲ್ಲೊಂದು ಪಾಲು ಕಡಿಮೆ. ಸಾಮಾನ್ಯ ಎಂಜಿನ್ ಈ ನಷ್ಟವನ್ನು ಅನುಭವಿಸಲೇಬೇಕು. ಟರ್ಬೊ ಮಾತ್ರ ಇನ್ನಷ್ಟು ವೇಗವಾಗಿ ತಿರುಗಿ ಅದರ ಬಹುಪಾಲನ್ನು ತುಂಬಿಕೊಡುತ್ತದೆ.

ಹಾಗಾದರೆ ಉಸಿರಿನ ದಾರಿಯನ್ನು ಸಲೀಸು ಮಾಡಿದರೆ ಶಕ್ತಿ ಏರಬೇಕಲ್ಲವೇ? ಇಲ್ಲಿಯೇ ತಪ್ಪು ತಿಳಿವಳಿಕೆ ಅಡಗಿದೆ. ಇಂದಿನ ಟರ್ಬೊ ಎಂಜಿನ್‌ನಲ್ಲಿ ಎಷ್ಟು ಒತ್ತಡದ ಗಾಳಿ ಒಳಬರಬೇಕೆಂದು ನಿರ್ಧರಿಸುವುದು ಇಸಿಯು ಎಂಬ ಗಣಕ, ಫಿಲ್ಟರ್ ಅಲ್ಲ. ನಿಗದಿತ ಒತ್ತಡ ತಲುಪಿದೊಡನೆ ಅದು ಹೊಗೆಯನ್ನು ಟರ್ಬೊದಿಂದ ಪಕ್ಕಕ್ಕೆ ಹರಿಸುತ್ತದೆ. ದಾರಿ ಸಲೀಸಾದರೆ ಟರ್ಬೊಗೆ ಶ್ರಮ ತುಸು ಕಡಿಮೆಯಾದೀತು, ಪ್ರತಿಕ್ರಿಯೆ ತುಸು ಚುರುಕಾದೀತು. ಗರಿಷ್ಠ ಶಕ್ತಿ ಮಾತ್ರ ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ. ಬೆಟ್ಟ ಅಗೆದು ಇಲಿ ಹಿಡಿದಂತೆ ಎಂಬ ಮಾತು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಹಾಗೆಂದು ಈ ಕಿಟ್‌ಗಳು ಸಂಪೂರ್ಣ ನಿರುಪಯುಕ್ತ ಎನ್ನಲಾಗದು. ಇಸಿಯು ತಂತ್ರಾಂಶವನ್ನೇ ಮಾರ್ಪಡಿಸಿ ಒತ್ತಡ ಏರಿಸಿದಾಗ, ದೊಡ್ಡ ಟರ್ಬೊ ಅಳವಡಿಸಿದಾಗ, ಮೂಲ ಪೆಟ್ಟಿಗೆ ಅಡ್ಡಿಯಾಗಬಹುದು. ಕೊಯಮತ್ತೂರು ಅಥವಾ ಚೆನ್ನೈ ಬಳಿಯ ರೇಸ್ ಟ್ರ್ಯಾಕ್‌ಗಳಲ್ಲಿ ಓಡುವ ಕಾರಿಗೆ ಅದು ಅರ್ಥಪೂರ್ಣ. ಹೊರ ವರ್ತುಲ ರಸ್ತೆಯಲ್ಲಿ ತೆವಳುವ ಕಾರಿಗೆ ಅಲ್ಲ.

ಹಾಗಿದ್ದೂ ಖರೀದಿಸಿದವರು ‘ಎಳೆತ ಹೆಚ್ಚಾಗಿದೆ’ ಎನ್ನುವುದೇಕೆ? ಕಂಪನಿಯ ಪೆಟ್ಟಿಗೆ ಟರ್ಬೊದ ಸಿಳ್ಳೆಯನ್ನು ಅಡಗಿಸುತ್ತದೆ. ತೆರೆದ ಫಿಲ್ಟರ್ ಅದನ್ನು ಚಾಲಕನ ಕಿವಿಗೆ ತಲುಪಿಸುತ್ತದೆ. ಕಿವಿಗೆ ಕೇಳಿದ್ದನ್ನು ಮನಸ್ಸು ವೇಗವೆಂದು ಭಾವಿಸುತ್ತದೆ. ಗ್ಯಾರೇಜ್‌ಗಳ ಅಳತೆಯನ್ನೂ ಎಚ್ಚರದಿಂದ ನೋಡಬೇಕು. ಬಾನೆಟ್ ತೆರೆದಿಟ್ಟು, ಎದುರಿಗೆ ದೊಡ್ಡ ಫ್ಯಾನ್ ಹಚ್ಚಿ ನಡೆಸುವ ಪರೀಕ್ಷೆಯಲ್ಲಿ ಫಿಲ್ಟರ್‌ಗೆ ತಂಪು ಗಾಳಿ ಸಿಗುತ್ತದೆ. ಸಂಚಾರ ದಟ್ಟಣೆಯಲ್ಲಿ ಅದೇ ಫಿಲ್ಟರ್ ಎಂಜಿನ್ ಸುತ್ತಲಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಬಿಸಿ ಗಾಳಿ ತೆಳು, ಆಗ ಶಕ್ತಿ ಕುಂದುವ ಸಾಧ್ಯತೆಯೇ ಹೆಚ್ಚು.

ಧೂಳು ಮತ್ತು ಮಳೆ

ಅಪಾಯಗಳು ಇಷ್ಟಕ್ಕೇ ಮುಗಿಯುವುದಿಲ್ಲ. ಗಾಳಿ ಸರಾಗವಾಗಿ ಹರಿಯಲೆಂದು ಜಾಳಾಗಿ ಮಾಡಿದ ಫಿಲ್ಟರ್‌ನಲ್ಲಿ ಸೂಕ್ಷ್ಮ ಧೂಳೂ ನುಸುಳಬಲ್ಲದು. ಅದು ಟರ್ಬೊ ಚಕ್ರದ ಅಲಗುಗಳನ್ನೂ ಸಿಲಿಂಡರ್ ಗೋಡೆಯನ್ನೂ ಸವೆಸುತ್ತದೆ. ಎಣ್ಣೆ ಸವರಿದ ಫಿಲ್ಟರ್‌ನಲ್ಲಿ ಎಣ್ಣೆ ಅತಿಯಾದರೆ ಗಾಳಿ ಅಳೆಯುವ ಸೆನ್ಸರ್ ಕೆಡುತ್ತದೆ. ತಂಪು ಗಾಳಿಗಾಗಿ ಕೊಳವೆಯನ್ನು ಬಂಪರ್ ಕೆಳಗೆ ಇಳಿಸಿದರಂತೂ ಮಳೆಗಾಲದಲ್ಲಿ ಗಂಡಾಂತರ ತಪ್ಪಿದ್ದಲ್ಲ. ನೀರು ಗಾಳಿಯಂತೆ ಕುಗ್ಗದು. ಸಿಲಿಂಡರ್‌ಗೆ ನೀರು ಹೊಕ್ಕರೆ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಕೈಕೊಡುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಸುತ್ತಮುತ್ತ ರಸ್ತೆಗಳೇ ಕೆರೆಗಳಾದದ್ದನ್ನು ಬೆಂಗಳೂರಿಗರು ಮರೆತಿರಲಾರರು. ನೀರು ನುಗ್ಗಿ ಕೆಟ್ಟ ಎಂಜಿನ್‌ಗೆ ಸಾಮಾನ್ಯ ವಿಮೆ ಪರಿಹಾರ ಕೊಡುವುದಿಲ್ಲ, ಅದಕ್ಕೆ ಪ್ರತ್ಯೇಕ ರಕ್ಷಣೆ ಬೇಕು. ತಿಳಿಸದೆ ಮಾಡಿಸಿದ ಮಾರ್ಪಾಡು ಕಂಡುಬಂದರೆ ಅದೂ ತಕರಾರಿಗೆ ಒಳಗಾಗಬಹುದು. ವಾರಂಟಿಯ ಕಥೆಯೂ ಇದಕ್ಕಿಂತ ಭಿನ್ನವಲ್ಲ.

ಕಾನೂನಿನ ಕೊರತೆ

ಮೋಟಾರು ವಾಹನ ಕಾಯ್ದೆ 1988ರ 52ನೇ ವಿಧಿ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಮಾಡಿಕೊಟ್ಟಿತು.

ಆದರೆ ಆಚರಣೆಯ ಮಾತೇ ಬೇರೆ. ರಸ್ತೆಯಲ್ಲಿ ಪೊಲೀಸರ ಗಮನ ಸೆಳೆಯುವುದು ಕಿವಿಗಡಚಿಕ್ಕುವ ಸೈಲೆನ್ಸರ್. ಬಾನೆಟ್ ಕೆಳಗಿನ ಕೊಳವೆ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಂತ ಕಾರಿನಲ್ಲಿ ನಡೆಯುವ ಮಾಲಿನ್ಯ ತಪಾಸಣೆಯು ವೇಗೋತ್ಕರ್ಷದ ವೇಳೆ ಹೊರಬೀಳುವ ಹೊಗೆಯನ್ನು ಅಳೆಯುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾನದಂಡ ಜಾರಿಗೆ ತಂದ ದೇಶದಲ್ಲಿ ಇದು ಸಣ್ಣ ಲೋಪವಲ್ಲ.

ಬೇರೆಡೆ ಮಧ್ಯಮ ಮಾರ್ಗವೊಂದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಸ್ತೆ ಕಾರಿಗೆ ಇಂತಹ ಕಿಟ್ ಹಾಕಬೇಕಾದರೆ ಅದಕ್ಕೆ ವಾಯು ಸಂಪನ್ಮೂಲ ಮಂಡಳಿಯ ಅನುಮೋದನಾ ಸಂಖ್ಯೆ ಇರಬೇಕು. ಜರ್ಮನಿಯಲ್ಲಿ ಪ್ರಮಾಣಪತ್ರವಿಲ್ಲದ ಮಾರ್ಪಾಡನ್ನು ಮಾನ್ಯತೆ ಪಡೆದ ತಜ್ಞರು ಪರೀಕ್ಷಿಸಿ ಒಪ್ಪಬೇಕು. ನಮ್ಮಲ್ಲೂ ಇದು ಅಪರಿಚಿತವಲ್ಲ. ಸಿಎನ್‌ಜಿ ಕಿಟ್‌ಗಳಿಗೆ ಪರೀಕ್ಷೆ, ಅನುಮೋದನೆ ಮತ್ತು ನೋಂದಣಿ ಪತ್ರದಲ್ಲಿ ದಾಖಲಾತಿಯ ವ್ಯವಸ್ಥೆ ಈಗಾಗಲೇ ಇದೆ. ಪುಣೆಯ ಎಆರ್‌ಎಐನಂತಹ ಸಂಸ್ಥೆಗಳಲ್ಲಿ ಇನ್‌ಟೇಕ್ ಕಿಟ್‌ಗಳನ್ನೂ ಪರೀಕ್ಷಿಸುವಂತಾದರೆ ಶಕ್ತಿಯ ಹೆಸರಿನಲ್ಲಿ ಸದ್ದು ಮಾರುವವರ ಬಣ್ಣ ಬಯಲಾಗುತ್ತದೆ, ಪ್ರಾಮಾಣಿಕ ತಯಾರಕರಿಗೂ ನೆಲೆ ದೊರೆಯುತ್ತದೆ.

ಅಲ್ಲಿಯವರೆಗೆ ಮೂಲ ಪೆಟ್ಟಿಗೆಯನ್ನು ಉಳಿಸಿಕೊಂಡು, ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸುವುದೇ ಜಾಣತನ. ಧೂಳು ಕಟ್ಟಿದ ಫಿಲ್ಟರ್ ಕಸಿದುಕೊಂಡ ಉಸಿರನ್ನು ಕೆಲವೇ ನೂರು ರೂಪಾಯಿಯ ಹೊಸ ಫಿಲ್ಟರ್ ಮರಳಿ ಕೊಡುತ್ತದೆ. ಅದಕ್ಕೆ ಆರ್‌ಟಿಒ ಅನುಮತಿಯೂ ಬೇಕಿಲ್ಲ.