ಅಡಿಗೆಯ ಮನೆ: ಮೊದಲನೆಯ ಔಷಧಾಲಯ, ಕಡೆಯದಲ್ಲ

ಆರೋಗ್ಯವೇ ಭಾಗ್ಯವೆಂಬ ಮಾತನ್ನು ಕೇಳದವರಿಲ್ಲ. ಆದರೆ ಆ ಭಾಗ್ಯವು ಎಲ್ಲಿ ದೊರೆಯುವುದೆಂದು ವಿಚಾರಿಸುವವರು ವಿರಳ. ಕಾಯಿಲೆ ಬಿದ್ದಾಗ ವೈದ್ಯರ ಬಾಗಿಲನ್ನು ತಟ್ಟುವ ನಾವು, ಕಾಯಿಲೆ ಬಾರದಂತೆ ಕಾಯುವ ಸ್ಥಳವು ನಮ್ಮ ಒಲೆಯ ಬಳಿಯಲ್ಲಿಯೇ ಇದೆಯೆಂಬುದನ್ನು ಮರೆಯುತ್ತೇವೆ. ಈ ಶಾಲೆಯಲ್ಲಿ ಓದಿ ಈಗ ಗೃಹಿಣಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ಇರುವ ಸೋದರಿಯರಿಗೂ, ಹೆಣ್ಣುಮಕ್ಕಳನ್ನು ಇಲ್ಲಿಗೆ ಕಳುಹಿಸುತ್ತಿರುವ ತಾಯಿತಂದೆಗಳಿಗೂ ಈ ವಿಷಯದಲ್ಲಿ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಈ ವಿದ್ಯೆಯು ನಮ್ಮ ಸೀಮೆಗೆ ಹೊಸದಲ್ಲ. ಯಾದಗಿರಿಗೆ ಸಮೀಪದ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ 9ನೆಯ ಶತಮಾನದಲ್ಲಿ ಉಗ್ರಾದಿತ್ಯನು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿದನು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯನು ‘ಲೋಕೋಪಕಾರ’ವನ್ನು ಬರೆದು, ಅಡಿಗೆ, ನೀರು, ಗಿಡಮರ, ಚಿಕಿತ್ಸೆ ಇವೆಲ್ಲವನ್ನೂ ಸಾಮಾನ್ಯ ಜನರ ಉಪಯೋಗಕ್ಕಾಗಿ ಕನ್ನಡದಲ್ಲಿಯೇ ತಿಳಿಸಿದನು. ಅಡಿಗೆಯ ವಿಚಾರವೂ ಔಷಧದ ವಿಚಾರವೂ ಒಂದೇ ಪುಸ್ತಕದಲ್ಲಿ ಕೂಡಿಬಂದುದು ಆಕಸ್ಮಿಕವಲ್ಲ. ಅವೆರಡೂ ಒಂದೇ ಮನೆಯ ಕೆಲಸಗಳೆಂದು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು.

ಆಯುರ್ವೇದವು ಆಹಾರದ ವಿಷಯದಲ್ಲಿ ಹೇಳುವ ಮುಖ್ಯ ನಿಯಮಗಳು ಸರಳವಾದುವು. ಹಸಿದಾಗ ಉಣ್ಣಬೇಕು, ಮೊದಲು ಉಂಡುದು ಜೀರ್ಣವಾಗುವುದಕ್ಕೆ ಮುಂಚೆ ಮತ್ತೆ ಉಣ್ಣಬಾರದು. ಹೊಟ್ಟೆಯ ಎರಡು ಭಾಗವನ್ನು ಅನ್ನದಿಂದಲೂ ಒಂದು ಭಾಗವನ್ನು ದ್ರವದಿಂದಲೂ ತುಂಬಿ, ಉಳಿದ ಒಂದು ಭಾಗವನ್ನು ಬರಿದಾಗಿ ಬಿಡಬೇಕೆಂದು ವಾಗ್ಭಟನ ‘ಅಷ್ಟಾಂಗಹೃದಯ’ವು ವಿಧಿಸುತ್ತದೆ. ಋತುವಿಗೆ ತಕ್ಕಂತೆ ಊಟವನ್ನು ಬದಲಿಸಬೇಕೆಂಬುದು ಅದರ ಇನ್ನೊಂದು ಉಪದೇಶ.

ಇದನ್ನು ಓದದೆಯೇ ನಮ್ಮ ಅಜ್ಜಿಯರು ಆಚರಿಸುತ್ತಿದ್ದರು. ಬಿಸಿಲು 40 ಡಿಗ್ರಿಯನ್ನು ಮೀರುವ ಈ ಸೀಮೆಯ ಬೇಸಿಗೆಯಲ್ಲಿ ಜೋಳದ ಅಂಬಲಿಗೆ ಮಜ್ಜಿಗೆ ಬೆರೆಸಿ, ಉಳ್ಳಾಗಡ್ಡಿಯ ಜೊತೆಗೆ ಕೊಡುತ್ತಿದ್ದರು. ಗ್ರೀಷ್ಮದಲ್ಲಿ ತಂಪಾದ, ಹಗುರವಾದ, ದ್ರವವಾದ ಆಹಾರ ಹಿತವೆಂಬ ಶಾಸ್ತ್ರದ ಮಾತು ಇದೇ ಅಲ್ಲವೇ? ಮಳೆಗಾಲದಲ್ಲಿ ಜಠರಾಗ್ನಿಯು ಮಂದವಾಗುವುದೆಂದು ಬಿಸಿಯಾದ ನುಚ್ಚು, ಶುಂಠಿ, ಕರಿಮೆಣಸು, ಕಾಯಿಸಿದ ನೀರು. ಚಳಿಗಾಲದಲ್ಲಿ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ. ವರ್ಷವಿಡೀ ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಮತ್ತು ಅಗಸಿಯ ಹಿಂಡಿ. ಧಾನ್ಯ, ಬೇಳೆ, ಸೊಪ್ಪು, ಎಣ್ಣೆಕಾಳು ಈ ನಾಲ್ಕೂ ಒಂದೇ ತಟ್ಟೆಯಲ್ಲಿ ಕೂಡುವ ಇಂಥ ಊಟವನ್ನು ಇಂದಿನ ಆಹಾರಶಾಸ್ತ್ರಜ್ಞರೂ ಮೆಚ್ಚುವರು. ನಾರಾಯಣಪುರದ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರಗಳ ಹೊಲಗಳಲ್ಲಿ ಭತ್ತ ಬೆಳೆಯಿತು. ರೈತನ ಕೈಗೆ ಹಣ ಬಂದುದು ಸಂತೋಷವೇ. ಆದರೆ ಅದರೊಡನೆ ಹೊಳಪು ಕೊಟ್ಟ ಬಿಳಿ ಅಕ್ಕಿಯೇ ದೊಡ್ಡತನದ ಊಟ, ಜೋಳವು ಬಡವರ ಊಟ ಎಂಬ ಭ್ರಮೆಯೂ ಬಂದಿತು. ಇದನ್ನು ನಾವು ಬಿಡಲೇಬೇಕು.

ಸಣ್ಣಪುಟ್ಟ ತೊಂದರೆಗಳಿಗೆ ಮನೆಯ ಮದ್ದು ಸಾಕಾಗುವುದುಂಟು. ಗಂಟಲು ಕೆರೆದರೆ ಉಪ್ಪು ಹಾಕಿದ ಬಿಸಿನೀರಿನಿಂದ ಬಾಯಿ ಮುಕ್ಕಳಿಸುವುದು, ಓಕರಿಕೆಗೆ ಶುಂಠಿ, ಹೊಟ್ಟೆಯುಬ್ಬರಕ್ಕೆ ಅಜವಾನ, ಮಲಬದ್ಧತೆಗೆ ಧಾರಾಳವಾಗಿ ನೀರು ಮತ್ತು ಸೊಪ್ಪು, ದೊಡ್ಡವರ ಕೆಮ್ಮಿಗೆ ಒಂದು ಚಮಚೆ ಜೇನು: ಇವುಗಳಿಂದ ಕೆಡುಕಿಲ್ಲ, ಹಿತವುಂಟು. ಜ್ವರ ಬಿಟ್ಟವರಿಗೆ ಮೊದಲು ತಿಳಿಗಂಜಿ, ಆಮೇಲೆ ಗಟ್ಟಿಗಂಜಿ, ಕಡೆಗೆ ಅನ್ನ ಎಂಬ ಆಯುರ್ವೇದದ ಕ್ರಮವೂ ವಿವೇಕದ್ದೇ.

ಇಷ್ಟು ಹೊಗಳಿದ ಮೇಲೆ, ಮನಸ್ಸಿನಲ್ಲಿ ಕೊರೆಯುತ್ತಿರುವ ಎರಡು ಸಂಗತಿಗಳನ್ನು ಹೇಳದಿದ್ದರೆ ನನ್ನ ಕರ್ತವ್ಯವು ಪೂರ್ತಿಯಾಗದು.

ಮೊದಲನೆಯದು: ಈ ಔಷಧಾಲಯವನ್ನು ನಡೆಸುವವಳಿಗೇ ಔಷಧ ದೊರೆಯುತ್ತಿಲ್ಲ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ತಾಯಿಯು ಎಲ್ಲರೂ ಉಂಡೆದ್ದ ಮೇಲೆ, ತಳದಲ್ಲಿ ಉಳಿದುದನ್ನು ಉಣ್ಣುತ್ತಾಳೆ. ಬೇಳೆಯ ಗಟ್ಟಿಯು ಗಂಡಸರಿಗೆ, ತಿಳಿಯು ಆಕೆಗೆ. ಮಗಳೂ ಅದನ್ನೇ ಕಲಿಯುತ್ತಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲವೆಂದು ಅದೇ ಸಮೀಕ್ಷೆಯು ತಿಳಿಸಿತು. ತಾಯಿಯ ತಟ್ಟೆಗೂ ಮಗುವಿನ ಎತ್ತರಕ್ಕೂ ಸಂಬಂಧವಿದೆಯೆಂಬುದನ್ನು ವಿವರಿಸಬೇಕೇ? ಹೆಣ್ಣುಮಗಳಿಗೆ ಬೇಳೆ, ಸೊಪ್ಪು, ರೂಢಿಯಿದ್ದ ಮನೆಗಳಲ್ಲಿ ಮೊಟ್ಟೆ ಮಾಂಸಗಳು ಸಮಪಾಲಾಗಿ ದೊರೆಯಲಿ. ಊಟದೊಡನೆ ನಿಂಬೆಯ ಹೋಳನ್ನೋ ನೆಲ್ಲಿಕಾಯಿಯನ್ನೋ ಕೊಟ್ಟರೆ ಧಾನ್ಯ ಸೊಪ್ಪುಗಳಲ್ಲಿರುವ ಕಬ್ಬಿಣದ ಅಂಶವು ಚೆನ್ನಾಗಿ ಮೈಗೆ ಹತ್ತುವುದು. ಊಟದೊಡನೆ ಚಹಾ ಕುಡಿದರೆ ಹತ್ತದು. ಕಬ್ಬಿಣದ ಮಾತ್ರೆಯನ್ನು ಕೊಟ್ಟಾಗ ‘ಉಷ್ಣವಾಗುತ್ತದೆ’ ಎಂದು ಎಸೆಯಬಾರದು.

ಎರಡನೆಯದು: ಮನೆಮದ್ದಿಗೆ ಒಂದು ಮೇರೆಯುಂಟು. ರೋಗಗಳಲ್ಲಿ ಸಾಧ್ಯ, ಅಸಾಧ್ಯ ಎಂಬ ಭೇದವನ್ನು ಅರಿತು ಮುಂದುವರಿಯಬೇಕೆಂದು ಚರಕನೇ ವೈದ್ಯನಿಗೆ ಎಚ್ಚರಿಸಿರುವಾಗ, ನಾವು ಗೃಹಿಣಿಯರು ಆ ಎಚ್ಚರವನ್ನು ಬಿಡಬಹುದೇ? ಭೇದಿಯಾದ ಮಗುವಿಗೆ ನೀರು ಕೊಡಬಾರದೆಂಬ ನಂಬಿಕೆಯು ಎಷ್ಟೋ ತೊಟ್ಟಿಲುಗಳನ್ನು ಬರಿದು ಮಾಡಿದೆ. 1971ರಲ್ಲಿ ಬಂಗಾಳದ ಬನಗಾಂವದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾಕ್ಟರ್ ದಿಲೀಪ್ ಮಹಲನಬೀಸರು ಉಪ್ಪು ಸಕ್ಕರೆಗಳ ದ್ರಾವಣವನ್ನು ಕುಡಿಸಿಯೇ ಅಸಂಖ್ಯ ಜನರನ್ನು ಉಳಿಸಿದರು. ಅಂಗಡಿಯ ಓಆರ್‌ಎಸ್ ಪೊಟ್ಟಣ ಸಿಕ್ಕದಿದ್ದಲ್ಲಿ, ಕಾಯಿಸಿ ಆರಿಸಿದ 1 ಲೀಟರು ನೀರಿಗೆ ಚಹಾ ಚಮಚೆಯಿಂದ ಮಟ್ಟಸವಾಗಿ ಅಳೆದ 6 ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಸೇರಿಸಿ ಸ್ವಲ್ಪಸ್ವಲ್ಪವಾಗಿ ಕುಡಿಸುತ್ತಿರಬೇಕು, ಎದೆಹಾಲನ್ನು ನಿಲ್ಲಿಸಬಾರದು. ಇದಕ್ಕಿಂತ ಹಿರಿದಾದ ಮನೆಮದ್ದು ಇನ್ನೊಂದಿಲ್ಲ. ಮಗುವಿನ ಕಣ್ಣು ಗುಳಿ ಬಿದ್ದರೆ, ಅದು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ, ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯಬೇಕು.

ಒಂದು ವರ್ಷ ತುಂಬದ ಕೂಸಿಗೆ ಜೇನನ್ನು ನೆಕ್ಕಿಸಲೇಬಾರದು. ಅದರಲ್ಲಿ ಇರಬಹುದಾದ ಸೂಕ್ಷ್ಮಾಣುಗಳು ಎಳೆಯ ಕರುಳಿನಲ್ಲಿ ವಿಷವನ್ನುಂಟುಮಾಡಬಲ್ಲವು. ಕಾಮಾಲೆಗೂ ಮಕ್ಕಳ ಹೊಟ್ಟೆನೋವಿಗೂ ಕಾದ ಕಬ್ಬಿಣದಿಂದ ಬರೆ ಹಾಕುವುದು ಚಿಕಿತ್ಸೆಯಲ್ಲ, ಕ್ರೌರ್ಯ. ವಿಷವೈದ್ಯದ ಮೇಲೆ ‘ಖಗೇಂದ್ರಮಣಿದರ್ಪಣ’ವನ್ನು ಬರೆದ ಮಂಗರಾಜನು ನಮ್ಮ ಭಾಷೆಯವನೆಂದು ಹೆಮ್ಮೆಪಡೋಣ, ಆದರೂ ಹೊಲದಲ್ಲಿ ಹಾವು ಕಚ್ಚಿದವನಿಗೆ ಇಂದು ಆಸ್ಪತ್ರೆಯ ಪ್ರತಿವಿಷದ ಚುಚ್ಚುಮದ್ದೊಂದೇ ದಾರಿ.

ನೀರನ್ನು ಕಾಯಿಸಿ ಕುಡಿಯಬೇಕೆಂಬ ಹಿರಿಯರ ಬುದ್ಧಿವಾದವು ಸರಿ. ಆದರೆ ಅದಕ್ಕೂ ಮೇರೆಯುಂಟು. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ ಅಂತರ್ಜಲದಲ್ಲಿದ್ದ ಆರ್ಸೆನಿಕ್ ಎಂಬ ವಿಷದಿಂದ ಜನರ ಚರ್ಮದ ಮೇಲೆ ಗಾಯಗಳೂ ಗಂಟುಗಳೂ ಎದ್ದುದನ್ನು ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು. ಕಾಯಿಸಿದರೆ ಅಂಥ ನೀರು ಶುದ್ಧವಾಗದು. ಬೇವಿನ ಲೇಪದಿಂದ ಆ ಗಾಯ ಮಾಯದು. ಅಲ್ಲಿ ಬೇಕಾದುದು ನೀರಿನ ಪರೀಕ್ಷೆ ಮತ್ತು ಬೇರೆ ನೀರು. ಅದನ್ನು ಕೇಳುವುದಕ್ಕೆ ಬೇಕಾದುದು ಓದಿದ ಹೆಣ್ಣುಮಕ್ಕಳ ಧೈರ್ಯ.

ಆದಕಾರಣ ನನ್ನದೊಂದು ಸೂಚನೆಯುಂಟು. ನಮ್ಮ ಶಾಲೆಯ ಪ್ರತಿಯೊಬ್ಬ ಹುಡುಗಿಯೂ ಒಂದು ವಹಿಯನ್ನಿಟ್ಟುಕೊಂಡು, ತನ್ನ ಅಜ್ಜಿಯಿಂದ ಕೇಳಿದ ಪಥ್ಯವನ್ನೂ ಮದ್ದನ್ನೂ ಎಡಗಡೆಯ ಪುಟದಲ್ಲಿ ಬರೆಯಲಿ. ಬಲಗಡೆಯ ಪುಟದಲ್ಲಿ, ‘ಯಾವ ಲಕ್ಷಣ ಕಂಡರೆ ಇದನ್ನು ಬಿಟ್ಟು ಆಸ್ಪತ್ರೆಗೆ ಹೋಗಬೇಕು’ ಎಂಬುದನ್ನು ವೈದ್ಯರನ್ನೋ ದಾದಿಯರನ್ನೋ ಕೇಳಿ ಬರೆಯಲಿ. ಎಡದ ಪುಟವಿಲ್ಲದ ಮನೆಯು ತನ್ನ ಹಿರಿಯರನ್ನು ಮರೆತೀತು. ಬಲದ ಪುಟವಿಲ್ಲದ ಮನೆಯು ತನ್ನ ಕಿರಿಯರನ್ನು ಕಳೆದುಕೊಂಡೀತು.

ತಾಯಂದಿರೇ, ಇಂದು ರಾತ್ರಿಯ ಊಟಕ್ಕೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲರೊಡನೆ ನೀವೂ ಉಣ್ಣಿರಿ. ಆರೋಗ್ಯಶಾಸ್ತ್ರದ ಮೊದಲನೆಯ ಪಾಠವು ಅಲ್ಲಿಂದಲೇ ಆರಂಭವಾಗಲಿ.