ಆಂಬುಲೆನ್ಸ್ ಇದೆ, ಹಿಂದೆ ಕೂತವರು ಯಾರು?

2020ರ ಫೆಬ್ರವರಿಯಲ್ಲಿ 40 ದಿನದ ಹಸುಗೂಸನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಸುಮಾರು ನಾಲ್ಕೂವರೆ ಗಂಟೆಯಲ್ಲಿ ತಲುಪಿಸಿದ ಆಂಬುಲೆನ್ಸ್ ನಮಗೆಲ್ಲ ನೆನಪಿದೆ. 'ಝೀರೋ ಟ್ರಾಫಿಕ್' ಆಗ ಮನೆಮನೆಯ ಮಾತಾಯಿತು. ಚಾಲಕನನ್ನು ಹೊಗಳಿದೆವು, ಅದು ಸರಿಯೇ. ಆದರೆ ದಾರಿಯುದ್ದಕ್ಕೂ ಹಿಂದೆ ಕೂತು ಮಗುವಿನ ಉಸಿರು ನೋಡಿಕೊಂಡವರು ಯಾರು ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದೆವು?

ಈ ಪ್ರಶ್ನೆ ಈಗ ಯಾಕೆಂದರೆ, ಅಪಘಾತದ ಗಾಯಾಳುಗಳಿಗೆ ಸಂಬಂಧಿಸಿದ ಕಾನೂನು ಮತ್ತು ಹಣದ ವ್ಯವಸ್ಥೆ ಮೊದಲಿಗಿಂತ ಸುಧಾರಿಸಿದೆ. ಗಾಯವಾದ ನಂತರದ ಒಂದು ಗಂಟೆಯನ್ನು ಮೋಟಾರು ವಾಹನ ಕಾಯ್ದೆಯೇ 'ಗೋಲ್ಡನ್ ಅವರ್' ಎಂದು ಗುರುತಿಸಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಜಾರಿಗೆ ತಂದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂ. ತನಕ ನಗದುರಹಿತ ಚಿಕಿತ್ಸೆ ಸಿಗಬೇಕು. ಗಾಯಾಳುವಿಗೆ ನೆರವಾದವರನ್ನು ಪೊಲೀಸರಾಗಲಿ ಆಸ್ಪತ್ರೆಯಾಗಲಿ ಸತಾಯಿಸುವಂತಿಲ್ಲ, ಹೆಸರು ಹೇಳಲು ಒತ್ತಾಯಿಸುವಂತಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ, 2019ರ ತಿದ್ದುಪಡಿಯಲ್ಲಿ ಕಾಯ್ದೆಗೂ ಸೇರಿದೆ. "ಕೇಸು ನಮ್ಮ ತಲೆಗೆ ಬರ್ತದೆ" ಎಂದು ಹೆದರಿ ದೂರ ನಿಲ್ಲುವ ಕಾಲ ಹೋಯಿತು.

ಆದರೆ ಆ ಒಂದು ಗಂಟೆ ಎಲ್ಲಿ ಕಳೆಯುತ್ತದೆ? ನಮ್ಮ ಜಿಲ್ಲೆಯ ದೊಡ್ಡ ಆಸ್ಪತ್ರೆಗಳು ಹೆಚ್ಚಾಗಿ ಮಂಗಳೂರು, ದೇರಳಕಟ್ಟೆಯ ಸುತ್ತಮುತ್ತಲೇ ಇವೆ. ಸುಳ್ಯ, ಕಡಬ, ಬೆಳ್ತಂಗಡಿಯ ಒಳಗಿನ ಊರುಗಳಿಂದ ಅಲ್ಲಿಗೆ ಗಂಟೆಗೂ ಹೆಚ್ಚಿನ ದಾರಿ. ಅಂದರೆ ಆ ಊರಿನವರ ಗೋಲ್ಡನ್ ಅವರ್ ಮುಗಿಯುವುದು ಗಾಡಿಯೊಳಗೇ. ಎಷ್ಟೇ ವೇಗವಾಗಿ ಓಡಿಸಿದರೂ ಈ ಲೆಕ್ಕ ಬದಲಾಗುವುದಿಲ್ಲ. ಗಾಡಿಯೊಳಗೆ ಏನು ನಡೆಯುತ್ತದೆ ಎಂಬುದರ ಮೇಲೆ ಜೀವ ನಿಂತಿದೆ.

ತರಬೇತಿ ಪಡೆದ ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞ, ಮೊದಲು ನೋಡುವುದು ಜಾಗ ಸುರಕ್ಷಿತವೇ ಎಂದು. ಆಮೇಲೆ ಸುರಿಯುವ ರಕ್ತ, ಶ್ವಾಸದ ದಾರಿ, ಉಸಿರಾಟ, ನಾಡಿ. ರಕ್ತ ಚಿಮ್ಮುತ್ತಿದ್ದರೆ ಗಟ್ಟಿಯಾಗಿ ಒತ್ತಿ ಹಿಡಿಯುತ್ತಾನೆ. ಪ್ರಜ್ಞೆ ಇಲ್ಲದವನ ನಾಲಿಗೆ ಗಂಟಲಿಗೆ ಜಾರಿ ಉಸಿರು ಕಟ್ಟದಂತೆ ನೋಡುತ್ತಾನೆ. ಬೆನ್ನುಮೂಳೆಗೆ ಪೆಟ್ಟಾದ ಸಂಶಯವಿದ್ದರೆ ಅಲುಗಾಡಿಸದೆ ಎತ್ತಿಸುತ್ತಾನೆ. ಹೃದಯ ನಿಂತಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಾನೆ. ನಮ್ಮಲ್ಲಿ ಎಂತ ಆಗ್ತದೆ? ನಾಲ್ಕು ಮಂದಿ ಕೈಕಾಲು ಹಿಡಿದು ಎತ್ತಿ, ಸಿಕ್ಕಿದ ಗಾಡಿಗೆ ಹಾಕಿ, ಬಾಯಿಗೆ ನೀರು ಬಿಟ್ಟು ಹೊರಡುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಪ್ರಜ್ಞೆ ಇಲ್ಲದವನ ಬಾಯಿಗೆ ಬಿಟ್ಟ ನೀರು ಶ್ವಾಸಕೋಶಕ್ಕೆ ಹೋಗಬಹುದು, ಎಳೆದಾಡಿದ ಕುತ್ತಿಗೆ ಜೀವನಪೂರ್ತಿ ಮಲಗಿಸಬಹುದು.

ಅಮೆರಿಕದಲ್ಲೂ 1960ರ ದಶಕದ ತನಕ ಕಥೆ ಇದೇ. ಪಿಟ್ಸ್‌ಬರ್ಗ್ ನಗರದಲ್ಲಿ ರೋಗಿಗಳನ್ನು ಸಾಗಿಸುತ್ತಿದ್ದದ್ದು ಪೊಲೀಸ್ ವ್ಯಾನು. ಅದೆಷ್ಟೋ ಊರುಗಳಲ್ಲಿ ಶವ ಸಾಗಿಸುವ ಗಾಡಿಯೇ ಆಂಬುಲೆನ್ಸ್. 1967ರಲ್ಲಿ ಅದೇ ಪಿಟ್ಸ್‌ಬರ್ಗ್‌ನ ಬಡ ಕರಿಯರ ಬಡಾವಣೆಯಲ್ಲಿ 'ಫ್ರೀಡಂ ಹೌಸ್' ಆಂಬುಲೆನ್ಸ್ ಸೇವೆ ಹುಟ್ಟಿತು. ಸಿಪಿಆರ್ ವಿಧಾನವನ್ನು ರೂಪಿಸಿದವರಲ್ಲಿ ಒಬ್ಬರಾದ ಡಾ. ಪೀಟರ್ ಸಫರ್, ಕೆಲಸವಿಲ್ಲದೆ ಅಲೆಯುತ್ತಿದ್ದ ಯುವಕರಿಗೆ ಸುಮಾರು 300 ಗಂಟೆಗಳ ತರಬೇತಿ ಕೊಡಿಸಿದರು. "ಇವರಿಂದ ಏನಾದೀತು" ಎಂದು ಜನ ಹೇಳುತ್ತಿದ್ದ ಹುಡುಗರು ನಗರದ ಅತ್ಯುತ್ತಮ ತುರ್ತು ಸೇವೆ ಕೊಟ್ಟರು. 1975ರಲ್ಲಿ ನಗರಾಡಳಿತ ತನ್ನದೇ ಸೇವೆ ಆರಂಭಿಸಿದಾಗ ಫ್ರೀಡಂ ಹೌಸ್ ಮುಚ್ಚಿತು. ಆದರೆ ಅಲ್ಲಿ ರೂಪುಗೊಂಡ ಪಾಠಕ್ರಮವೇ ಆ ದೇಶದ ಪ್ಯಾರಾಮೆಡಿಕ್ ತರಬೇತಿಗೆ ಮಾದರಿಯಾಯಿತು. ಒಂದು ಬಡಾವಣೆಯ ಜನ ಗಾಡಿಯ ಜೊತೆಗೆ ತರಬೇತಿಯನ್ನೂ ಮುಖ್ಯ ಎಂದುಕೊಂಡದ್ದರ ಫಲ ಇದು.

ನಮ್ಮ ಕರಾವಳಿಯಲ್ಲಿ ಗಾಡಿಗೆ ಕೊರತೆಯಿಲ್ಲ. ಜಮಾಅತ್‌ಗಳು, ಯುವಕ ಸಂಘಗಳು, ಗಲ್ಫ್‌ನಲ್ಲಿ ದುಡಿಯುವ ನಮ್ಮವರು ಕೈಜೋಡಿಸಿ ಆಂಬುಲೆನ್ಸ್ ಲೋಕಾರ್ಪಣೆ ಮಾಡುವುದು ನಾವು ನೋಡುತ್ತಲೇ ಇದ್ದೇವೆ. ಆದರೆ ರಾಷ್ಟ್ರೀಯ ಆಂಬುಲೆನ್ಸ್ ಸಂಹಿತೆ ಈ ಗಾಡಿಗಳನ್ನು ನಾಲ್ಕು ದರ್ಜೆಯಾಗಿ ವಿಂಗಡಿಸಿದೆ: ಮೊದಲ ನೆರವಿನ ಗಾಡಿ, ರೋಗಿಯನ್ನು ಸಾಗಿಸುವ ಗಾಡಿ, ಪ್ರಾಥಮಿಕ ಜೀವರಕ್ಷಕ, ಸುಧಾರಿತ ಜೀವರಕ್ಷಕ. ನಾವು ಕೊಟ್ಟ ಗಾಡಿ ಯಾವ ದರ್ಜೆಯದು? ಚಾಲಕನ ಹೊರತು ಬೇರೆ ಸಿಬ್ಬಂದಿ ಇದ್ದಾರೆಯೇ? ಆಕ್ಸಿಜನ್ ಸಿಲಿಂಡರ್ ತುಂಬಿದೆಯೋ ಎಂದು ದಿನಾ ನೋಡುವವರು ಯಾರು? ದೇಣಿಗೆ ಕೊಡುವವರು ಕೇಳಬೇಕಾದ ಪ್ರಶ್ನೆಗಳಿವು. 2008ರಲ್ಲಿ ರಾಜ್ಯದಲ್ಲಿ ಶುರುವಾದ 108 ಸೇವೆಯ ಗಾಡಿಯಲ್ಲಿ ಚಾಲಕನ ಜೊತೆ ಒಬ್ಬ ಇಎಂಟಿ ಇರುವ ವ್ಯವಸ್ಥೆ ಇದೆ. ನಮ್ಮ ಗಾಡಿಗಳಿಗೂ ಅದೇ ಅಳತೆ ಇರಲಿ.

ಆದ್ದರಿಂದ ನಮ್ಮ ಸಲಹೆ ಇಷ್ಟೇ. ಮುಂದಿನ ಹೊಸ ಗಾಡಿಯ ಹಣದಲ್ಲಿ ಒಂದು ಪಾಲನ್ನು ಇರುವ ಗಾಡಿಗೆ ಇಬ್ಬರು ಹುಡುಗರನ್ನು ತಯಾರು ಮಾಡಲು ಇಡಿ. ಚಾಲಕರಿಗೂ ಸಿಪಿಆರ್, ರಕ್ತ ನಿಲ್ಲಿಸುವುದು ಕಲಿಸಿ. ಪಿಯುಸಿ ಮುಗಿಸಿ ಮುಂದೇನು ಎನ್ನುವ ಮಕ್ಕಳಿಗೆ ಇದೂ ಒಂದು ದಾರಿ. 2021ರ ಕಾಯ್ದೆ ಈ ವೃತ್ತಿಗೆ ಮಾನ್ಯತೆ ಕೊಟ್ಟಿದೆ. ಹೆಣ್ಣುಮಕ್ಕಳು ಇದಕ್ಕೆ ಬಂದರೆ ಹೆರಿಗೆ ನೋವಿನಲ್ಲಿ ಹೊರಟ ತಾಯಂದಿರಿಗೆ ಎಷ್ಟು ಧೈರ್ಯ, ಅಲ್ವಾ?

ಮನೆಯಲ್ಲಿ ನಾವು ಮಾಡಬೇಕಾದದ್ದೂ ಇದೆ. ಸಂಬಂಧಿಕರಿಗೆ ಫೋನ್ ಮಾಡುವ ಮೊದಲು 108ಕ್ಕೆ ಮಾಡಿ. ಊರು, ಹತ್ತಿರದ ಗುರುತು, ರೋಗಿಗೆ ಪ್ರಜ್ಞೆ ಇದೆಯೇ, ಉಸಿರಿದೆಯೇ ಎಂದು ಹೇಳಿ, ಅವರು ಹೇಳುವ ತನಕ ಫೋನ್ ಇಡಬೇಡಿ. ಬಾಯಿ ಸೊಟ್ಟಗಾಗಿ, ಕೈ ಬಿದ್ದು, ಮಾತು ತೊದಲಿದರೆ ಅದು ಶುರುವಾದ ಹೊತ್ತನ್ನು ಬರೆದಿಡಿ. ಪಾರ್ಶ್ವವಾಯುವಿನಲ್ಲಿ ರಕ್ತದ ಗಡ್ಡೆ ಕರಗಿಸುವ ಔಷಧಕ್ಕೆ ಇರುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ, ವೈದ್ಯರು ಮೊದಲು ಕೇಳುವುದೇ ಆ ಹೊತ್ತು. ಹೃದಯ ನಿಂತವರಿಗೆ ತಡವಾದ ಒಂದೊಂದು ನಿಮಿಷವೂ ಬದುಕುವ ಸಾಧ್ಯತೆಯನ್ನು ಕಡಿಮೆ ಮಾಡುತ್ತದೆ. ಗಾಡಿ ಬರುವ ತನಕ ಆ ನಿಮಿಷಗಳು ನಮ್ಮ ಕೈಯಲ್ಲೇ ಇವೆ. ಹಾಗಾಗಿ ಮನೆಗೊಬ್ಬರಾದರೂ ಸಿಪಿಆರ್ ಕಲಿತಿರಲಿ.