ಪ್ರತಿಸ್ಪರ್ಧಿ ತಂಡಗಳಿಗೆ ಆಟಗಾರರ ವಲಸೆ ಮತ್ತು ಕರ್ನಾಟಕದ ಕ್ರೀಡಾಭಿಮಾನಿಗಳು

ಪ್ರತಿಸ್ಪರ್ಧಿ ತಂಡಗಳಿಗೆ ಆಟಗಾರರ ವಲಸೆ ಎಂಬುದು ಒಂದು ರಾಜ್ಯ, ನಗರ ಅಥವಾ ಸಂಸ್ಥೆಯಲ್ಲಿ ಬೆಳೆದ ಆಟಗಾರನು ಎದುರಾಳಿ ತಂಡವನ್ನು ಸೇರುವ ಪ್ರಕ್ರಿಯೆಯಾಗಿದೆ. ಕರ್ನಾಟಕದಲ್ಲಿ ಈ ವಿಷಯವು ಮುಖ್ಯವಾಗಿ ಕ್ರಿಕೆಟ್‌ಗೆ ಸಂಬಂಧಿಸಿದಂತೆ ಚರ್ಚೆಗೆ ಬಂದಿದೆ. ಕೆ. ಎಲ್. ರಾಹುಲ್ ರಾಯಲ್ ಚಾಲೆಂಜರ್ಸ್ ಬೆಂಗಳೂರು (ಆರ್‌ಸಿಬಿ) ತಂಡದ ಹೊರಗೆ ಉಳಿದದ್ದು ಹಾಗೂ ಕರುಣ್ ನಾಯರ್ ಕರ್ನಾಟಕವನ್ನು ಬಿಟ್ಟು ವಿದರ್ಭಕ್ಕೆ ಆಡಿದ್ದು ಇದರ ಎರಡು ಪ್ರಮುಖ ಉದಾಹರಣೆಗಳು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳಂತಹ ಗಡಿಭಾಗದಲ್ಲಿ ಇದೇ ಪ್ರಶ್ನೆಯು ಬೇರೊಂದು ರೂಪವನ್ನು ಪಡೆಯುತ್ತದೆ.

ಹಿನ್ನೆಲೆ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಪ್ರೌಢಶಾಲೆಯನ್ನು ಮುಗಿಸುವ ಹಂತದಲ್ಲಿರುವ ಆಟಗಾರನು ತಾನು ಯಾವ ವಿಶ್ವವಿದ್ಯಾಲಯಕ್ಕೆ ಆಡುವೆನೆಂದು ತಾನೇ ಘೋಷಿಸುತ್ತಾನೆ. ಆದ್ದರಿಂದ ಆತ ಎದುರಾಳಿ ವಿಶ್ವವಿದ್ಯಾಲಯವನ್ನು ಆಯ್ದುಕೊಂಡರೆ ಅಭಿಮಾನಿಗಳ ಸಿಟ್ಟು ನೇರವಾಗಿ ಆ ಹುಡುಗನ ಮೇಲೆಯೇ ತಿರುಗುವುದುಂಟು. ಯುರೋಪಿನ ಫುಟ್‌ಬಾಲ್‌ನಲ್ಲಿಯೂ ಇಂತಹ ಪ್ರಸಂಗಗಳಿವೆ. 2000ರಲ್ಲಿ ಲೂಯಿಸ್ ಫಿಗೊ ಬಾರ್ಸಿಲೋನಾವನ್ನು ತೊರೆದು ರಿಯಲ್ ಮ್ಯಾಡ್ರಿಡ್ ಸೇರಿದನು. 2002ರಲ್ಲಿ ಆತ ಬಾರ್ಸಿಲೋನಾದ ಮೈದಾನಕ್ಕೆ ಆಡಲು ಬಂದಾಗ ಪ್ರೇಕ್ಷಕರು ಎಸೆದ ವಸ್ತುಗಳಲ್ಲಿ ಹಂದಿಯ ತಲೆಯೂ ಇತ್ತು.

ಭಾರತೀಯ ಕ್ರಿಕೆಟ್‌ನ ವ್ಯವಸ್ಥೆ ಇದಕ್ಕಿಂತ ಭಿನ್ನವಾದುದು. ಇಂಡಿಯನ್ ಪ್ರೀಮಿಯರ್ ಲೀಗ್‌ನಲ್ಲಿ (ಐಪಿಎಲ್) ಆಟಗಾರನು ಹರಾಜಿಗೆ ಹೆಸರು ಕೊಡಬಹುದೇ ಹೊರತು ಕೊಳ್ಳುವ ತಂಡವನ್ನು ಆರಿಸಿಕೊಳ್ಳಲಾರನು. ರಣಜಿ ಟ್ರೋಫಿಯಂತಹ ದೇಶೀಯ ಪಂದ್ಯಾವಳಿಗಳಲ್ಲಿ ರಾಜ್ಯ ಬದಲಿಸಬೇಕಾದರೆ ಮೂಲ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಎರಡೂ ಸಂದರ್ಭಗಳಲ್ಲಿ ನಿರ್ಧಾರದ ಬಹುಪಾಲು ಆಟಗಾರನ ಕೈಯಲ್ಲಿರುವುದಿಲ್ಲ. ಕರ್ನಾಟಕದ ಅಭಿಮಾನಿಗಳ ಕೋಪವು ಬಿಟ್ಟುಹೋದವನಿಗಿಂತ ಹೆಚ್ಚಾಗಿ ಬಿಟ್ಟುಕೊಟ್ಟವರ ಮೇಲೆ ತಿರುಗಲು ಇದೇ ಮುಖ್ಯ ಕಾರಣವೆನ್ನಬಹುದು.

ಕೆ. ಎಲ್. ರಾಹುಲ್ ಪ್ರಕರಣ

ಬೆಂಗಳೂರಿನಲ್ಲಿ ಜನಿಸಿ ಸುರತ್ಕಲ್‌ನಲ್ಲಿ ಬೆಳೆದ ರಾಹುಲ್ 2013ರಲ್ಲಿ ಆರ್‌ಸಿಬಿ ಪರವಾಗಿ ಐಪಿಎಲ್ ಪ್ರವೇಶಿಸಿದರು. ಎರಡು ವರ್ಷ ಸನ್‌ರೈಸರ್ಸ್ ಹೈದರಾಬಾದ್ ತಂಡದಲ್ಲಿದ್ದು 2016ರಲ್ಲಿ ಮರಳಿ ಬಂದರು. ಆ ಋತುವಿನಲ್ಲಿ ತಂಡವು ಫೈನಲ್ ತಲುಪಿತು. ರಾಹುಲ್ 397 ರನ್ ಗಳಿಸಿದರು. ಭುಜದ ಗಾಯದಿಂದ 2017ರ ಋತುವನ್ನು ಕಳೆದುಕೊಂಡ ಅವರನ್ನು ಮುಂದಿನ ವರ್ಷಕ್ಕೆ ತಂಡ ಉಳಿಸಿಕೊಳ್ಳಲಿಲ್ಲ. ವಿರಾಟ್ ಕೊಹ್ಲಿ, ಎ. ಬಿ. ಡಿವಿಲಿಯರ್ಸ್ ಮತ್ತು ಸರ್ಫರಾಜ್ ಖಾನ್ ಉಳಿದರು. 2018ರ ಹರಾಜಿನಲ್ಲಿ ಕಿಂಗ್ಸ್ ಇಲೆವೆನ್ ಪಂಜಾಬ್ ರಾಹುಲ್ ಅವರನ್ನು 11 ಕೋಟಿ ರೂಪಾಯಿಗೆ ಕೊಂಡಿತು. ಆ ವರ್ಷ ಅವರು ಗಳಿಸಿದ್ದು 659 ರನ್.

ನಷ್ಟದ ಅಳತೆ ಸ್ಪಷ್ಟವಾಗಿ ಕಂಡದ್ದು 2020ರ ಸೆಪ್ಟೆಂಬರ್ 24ರಂದು ದುಬೈನಲ್ಲಿ. ಪಂಜಾಬಿನ ನಾಯಕರಾಗಿದ್ದ ರಾಹುಲ್ ತಮ್ಮ ಹಳೆಯ ತಂಡದ ವಿರುದ್ಧವೇ ಅಜೇಯ 132 ರನ್ ಹೊಡೆದರು. ಅಲ್ಲಿಯವರೆಗೆ ಐಪಿಎಲ್‌ನಲ್ಲಿ ಭಾರತೀಯನೊಬ್ಬನ ಅತಿ ಹೆಚ್ಚಿನ ವೈಯಕ್ತಿಕ ಮೊತ್ತ ಅದಾಗಿತ್ತು. ಆ ಇನಿಂಗ್ಸ್‌ನಲ್ಲಿ ಕೊಹ್ಲಿ ಅವರ ಕ್ಯಾಚನ್ನು ಎರಡು ಬಾರಿ ಕೈಚೆಲ್ಲಿದ್ದರು. ಆರ್‌ಸಿಬಿ 97 ರನ್‌ಗಳಿಂದ ಸೋತಿತು.

2024ರ ನವೆಂಬರ್‌ನಲ್ಲಿ ಜೆದ್ದಾ ನಗರದಲ್ಲಿ ಮಹಾ ಹರಾಜು ನಡೆಯಿತು. ಲಖನೌ ಸೂಪರ್ ಜೈಂಟ್ಸ್ ರಾಹುಲ್ ಅವರನ್ನು ಬಿಟ್ಟುಕೊಟ್ಟಿದ್ದರಿಂದ ಅವರು ತವರಿಗೆ ಮರಳುವರೆಂಬ ನಿರೀಕ್ಷೆ ಬಲವಾಗಿತ್ತು. ಆರಂಭದಲ್ಲಿ ಕೂಗಿದ ಆರ್‌ಸಿಬಿ ಬಳಿಕ ಹಿಂದೆ ಸರಿಯಿತು. ಡೆಲ್ಲಿ ಕ್ಯಾಪಿಟಲ್ಸ್ 14 ಕೋಟಿಗೆ ಅವರನ್ನು ಪಡೆಯಿತು. ಏಳು ಋತು ಆಡಿದ್ದ ಮೊಹಮ್ಮದ್ ಸಿರಾಜ್ ಸಹ 12.25 ಕೋಟಿಗೆ ಗುಜರಾತ್ ಟೈಟಾನ್ಸ್ ಪಾಲಾದರು. ಅದೇ ತಿಂಗಳಲ್ಲಿ ತಂಡವು ಹಿಂದಿ ಭಾಷೆಯಲ್ಲಿ ಸಾಮಾಜಿಕ ಜಾಲತಾಣದ ಖಾತೆಯೊಂದನ್ನು ತೆರೆದದ್ದಕ್ಕೆ ಕನ್ನಡಪರ ವಲಯಗಳಿಂದ ಆಕ್ಷೇಪ ವ್ಯಕ್ತವಾಗಿತ್ತು. ಹೀಗಾಗಿ ರಾಹುಲ್ ಅವರ ವಿಷಯವು ಕೇವಲ ಬ್ಯಾಟಿಂಗ್ ಕ್ರಮಾಂಕದ ಪ್ರಶ್ನೆಯಾಗಿ ಉಳಿಯದೆ, ಬೆಂಗಳೂರಿನ ಹೆಸರು ಹೊತ್ತ ತಂಡದಲ್ಲಿ ಕನ್ನಡಿಗರಿಗೆ ಎಷ್ಟು ಸ್ಥಾನ ಎಂಬ ಹಳೆಯ ಪ್ರಶ್ನೆಯೊಡನೆ ಬೆರೆತುಹೋಯಿತು. 2008ರ ಮೊದಲ ಋತುವಿನ ತಂಡದಲ್ಲಿ ರಾಹುಲ್ ದ್ರಾವಿಡ್, ಅನಿಲ್ ಕುಂಬ್ಳೆ, ಸುನಿಲ್ ಜೋಶಿ, ವಿನಯ್ ಕುಮಾರ್, ಬಿ. ಅಖಿಲ್, ಭರತ್ ಚಿಪ್ಲಿ, ಕೆ. ಪಿ. ಅಪ್ಪಣ್ಣ ಮೊದಲಾದವರಿದ್ದರು. ಆರಂಭದ ವರ್ಷಗಳಲ್ಲಿ ಸ್ಥಳೀಯ ಆಟಗಾರರಿಗೆ ಜಾಗ ನೀಡಬೇಕೆಂಬ ನಿಯಮವೂ ಇತ್ತು. ಆ ನಿಯಮ ಹೋದ ಮೇಲೆ ತವರಿನ ನಂಟು ಫ್ರಾಂಚೈಸಿಯ ಮರ್ಜಿಗೆ ಬಿಟ್ಟ ವಿಷಯವಾಯಿತು.

2025ರ ಏಪ್ರಿಲ್ 2ರಂದು ಸಿರಾಜ್ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 19 ರನ್ನಿಗೆ 3 ವಿಕೆಟ್ ಪಡೆದರು. ಎಂಟು ದಿನಗಳ ನಂತರ ಅದೇ ಮೈದಾನದಲ್ಲಿ ರಾಹುಲ್ 53 ಎಸೆತಗಳಲ್ಲಿ ಅಜೇಯ 93 ರನ್ ಗಳಿಸಿ ಡೆಲ್ಲಿಗೆ 6 ವಿಕೆಟ್‌ಗಳ ಜಯ ತಂದರು. ಗೆಲುವಿನ ಹೊಡೆತದ ಬಳಿಕ ಬ್ಯಾಟಿನಿಂದ ನೆಲದ ಮೇಲೆ ವೃತ್ತವೊಂದನ್ನು ಎಳೆದು ಅದರ ನಡುವೆ ಬ್ಯಾಟನ್ನು ಊರಿದರು. ಇದು ತಮ್ಮ ಮೈದಾನವೆಂಬುದನ್ನು ನೆನಪಿಸುವ ಸಂಜ್ಞೆಯೆಂದೂ ‘ಕಾಂತಾರ’ ಚಲನಚಿತ್ರದ ದೃಶ್ಯದಿಂದ ಪ್ರೇರಿತವೆಂದೂ ಅವರು ನಂತರ ತಿಳಿಸಿದರು. ಎದುರಾಳಿಯ ಆಟಗಾರನೊಬ್ಬನು ಬೆಂಗಳೂರಿನ ಪ್ರೇಕ್ಷಕರ ಮುಂದೆ ಕರಾವಳಿಯ ದೈವದ ಕಥೆಯ ಮೂಲಕ ತನ್ನ ಹಕ್ಕು ಸ್ಥಾಪಿಸಿದ ಈ ಪ್ರಸಂಗವು ಅಭಿಮಾನಿಗಳನ್ನು ಇಕ್ಕಟ್ಟಿಗೆ ಸಿಲುಕಿಸಿತು. ಸೋಲು ತಂಡದ್ದು, ಗೆದ್ದವನು ಊರಿನವನು. ಏಪ್ರಿಲ್ 27ರಂದು ದೆಹಲಿಯಲ್ಲಿ ಆರ್‌ಸಿಬಿ ಸೇಡು ತೀರಿಸಿಕೊಂಡಾಗ ಕೊಹ್ಲಿ ಅದೇ ಸಂಜ್ಞೆಯನ್ನು ಅನುಕರಿಸಿ ರಾಹುಲ್ ಅವರನ್ನು ತಮಾಷೆ ಮಾಡಿದರು.

ಲೆಕ್ಕಾಚಾರದ ದೃಷ್ಟಿಯಿಂದ ನೋಡಿದರೆ ನವೆಂಬರ್‌ನ ಟೀಕೆಗಳು ಪೂರ್ತಿ ನಿಲ್ಲುವುದಿಲ್ಲ. ಆಗ ಪ್ರತಿ ತಂಡದ ಮಿತಿ 120 ಕೋಟಿ ಇತ್ತು. ಕೊಹ್ಲಿ (21 ಕೋಟಿ), ರಜತ್ ಪಾಟೀದಾರ್ (11 ಕೋಟಿ) ಮತ್ತು ಯಶ್ ದಯಾಳ್ (5 ಕೋಟಿ) ಅವರನ್ನು ಉಳಿಸಿಕೊಂಡ ಬಳಿಕ ಆರ್‌ಸಿಬಿ ಬಳಿ 83 ಕೋಟಿ ಇತ್ತು. ಅದರಲ್ಲಿ ಜೋಶ್ ಹೇಜಲ್‌ವುಡ್ (12.50 ಕೋಟಿ), ಫಿಲ್ ಸಾಲ್ಟ್ (11.50 ಕೋಟಿ), ಜಿತೇಶ್ ಶರ್ಮಾ (11 ಕೋಟಿ), ಭುವನೇಶ್ವರ್ ಕುಮಾರ್ (10.75 ಕೋಟಿ) ಮತ್ತು ಕೃಣಾಲ್ ಪಾಂಡ್ಯ (5.75 ಕೋಟಿ) ಬಂದರು. 2025ರ ಜೂನ್ 3ರಂದು ತಂಡವು ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್‌ಗಳಿಂದ ಸೋಲಿಸಿ ಮೊದಲ ಪ್ರಶಸ್ತಿ ಗೆದ್ದಿತು. ಕೃಣಾಲ್ ಪಂದ್ಯಶ್ರೇಷ್ಠರಾದರು. ರಾಹುಲ್ 539 ರನ್ ಗಳಿಸಿದರೂ ಡೆಲ್ಲಿ ಐದನೆಯ ಸ್ಥಾನದಲ್ಲಿ ಉಳಿಯಿತು. ಆದರೆ ‘ನಮ್ಮವನು ಬೇಕಿತ್ತು’ ಎಂಬ ಮಾತಿಗೆ ಕಪ್ ಗೆದ್ದದ್ದು ಉತ್ತರವಾಗುವುದಿಲ್ಲ. ಅದು ಬೇರೆಯೇ ಬಗೆಯ ಅಪೇಕ್ಷೆ.

ಕರುಣ್ ನಾಯರ್ ಮತ್ತು ವಿದರ್ಭ

ಕರುಣ್ ನಾಯರ್ ಅವರದು ಹಣದ ಕಥೆಯಲ್ಲ. 2014–15ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ 328 ರನ್ ಗಳಿಸಿ ಕರ್ನಾಟಕಕ್ಕೆ ಪ್ರಶಸ್ತಿ ತಂದವರು, 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ರನ್ ಹೊಡೆದವರು, 2022ರಲ್ಲಿ ರಾಜ್ಯ ತಂಡದಿಂದಲೇ ಹೊರಬಿದ್ದರು. ಆ ವರ್ಷದ ಡಿಸೆಂಬರ್‌ನಲ್ಲಿ ಕ್ರಿಕೆಟ್ ತನಗೆ ಇನ್ನೊಂದು ಅವಕಾಶ ಕೊಡಲೆಂದು ಅವರು ಸಾರ್ವಜನಿಕವಾಗಿ ಬರೆದುಕೊಂಡರು. ಅವಕಾಶ ಕೊಟ್ಟದ್ದು ವಿದರ್ಭ.

ಪರಿಣಾಮವು ಕರ್ನಾಟಕಕ್ಕೆ ನೇರವಾಗಿಯೇ ತಟ್ಟಿತು. 2024ರ ಫೆಬ್ರುವರಿಯಲ್ಲಿ ನಾಗಪುರದಲ್ಲಿ ನಡೆದ ರಣಜಿ ಕ್ವಾರ್ಟರ್ ಫೈನಲ್‌ನಲ್ಲಿ ಕರ್ನಾಟಕವು ವಿದರ್ಭಕ್ಕೆ 127 ರನ್‌ಗಳಿಂದ ಸೋತಿತು. ಕರುಣ್ ಮೊದಲ ಇನಿಂಗ್ಸ್‌ನಲ್ಲಿ 90 ರನ್ ಮಾಡಿದ್ದರು. 2024–25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಐದು ಶತಕಗಳೊಡನೆ 779 ರನ್ ಗಳಿಸಿದರು, ಸರಾಸರಿ 389.50. ವಡೋದರಾದಲ್ಲಿ 2025ರ ಜನವರಿ 18ರಂದು ನಡೆದ ಫೈನಲ್‌ನಲ್ಲಿ ವಿದರ್ಭದ ನಾಯಕರಾಗಿ ಎದುರಿಸಿದ್ದು ಕರ್ನಾಟಕವನ್ನೇ. ಆರ್. ಸ್ಮರಣ್ ಶತಕದ ಬಲದಿಂದ ಕರ್ನಾಟಕ 36 ರನ್‌ಗಳಿಂದ ಗೆದ್ದಿತು; ಕರುಣ್ 27 ರನ್ನಿಗೆ ಪ್ರಸಿದ್ಧ ಕೃಷ್ಣ ಎಸೆತದಲ್ಲಿ ಬೌಲ್ಡ್ ಆದರು. ಮುಂದೆ ಕೇರಳದ ವಿರುದ್ಧದ ರಣಜಿ ಫೈನಲ್‌ನಲ್ಲಿ 86 ಮತ್ತು 135 ರನ್ ಗಳಿಸಿ ವಿದರ್ಭಕ್ಕೆ ಪ್ರಶಸ್ತಿ ಕೊಡಿಸಿ, ಭಾರತ ಟೆಸ್ಟ್ ತಂಡಕ್ಕೆ ಮರಳಿದರು. 2025–26ರ ಋತುವಿಗೆ ಮತ್ತೆ ಕರ್ನಾಟಕವನ್ನು ಸೇರಿಕೊಂಡರು. ಕೇರಳಕ್ಕೆ ಹೋಗಿದ್ದ ಶ್ರೇಯಸ್ ಗೋಪಾಲ್ ಕೂಡ ಒಂದು ಋತುವಿನ ಬಳಿಕ ಹಿಂದಿರುಗಿದ್ದರು.

ಗಡಿ ತಾಲೂಕುಗಳಲ್ಲಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡಗಳು ಕ್ರಿಕೆಟ್ ಆಡಳಿತದಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಧಾರವಾಡ ವಲಯಕ್ಕೆ ಸೇರಿವೆ. ಆದರೆ ನಿತ್ಯದ ಓಡಾಟ ಬಹುಮಟ್ಟಿಗೆ ಬೇರೆ ದಿಕ್ಕಿನಲ್ಲಿದೆ. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ನಿಪ್ಪಾಣಿಗೆ ಕೋಲ್ಹಾಪುರ ಸಮೀಪ. ಕಾಗವಾಡದಿಂದ ಮೀರಜ್ ಕೆಲವೇ ಕಿಲೋಮೀಟರ್. ರಾಯಬಾಗ, ಕುಡಚಿ, ಉಗಾರ, ಶೇಡಬಾಳ ನಿಲ್ದಾಣಗಳ ರೈಲು ಮೀರಜ್‌ಗೆ ಹೋಗಿ ಸೇರುತ್ತದೆ. ಚಿಕಿತ್ಸೆಗೆ, ವ್ಯಾಪಾರಕ್ಕೆ, ಕಾಲೇಜಿಗೆ ಗಡಿ ದಾಟುವುದು ಇಲ್ಲಿ ಸಾಮಾನ್ಯ. ರಾಜ್ಯ ತಂಡದ ಅರ್ಹತೆಯನ್ನು ಜನ್ಮಸ್ಥಳ, ವಾಸ ಮತ್ತು ವ್ಯಾಸಂಗದ ದಾಖಲೆಗಳಿಂದ ನಿರ್ಧರಿಸುವುದರಿಂದ, ಸಾಂಗ್ಲಿಯ ಕಾಲೇಜಿಗೆ ಸೇರಿದ ಅಥಣಿಯ ಹುಡುಗನೊಬ್ಬನಿಗೆ ಮಹಾರಾಷ್ಟ್ರದ ಬಾಗಿಲು ತೆರೆದಿರುತ್ತದೆ. ಇಂತಹ ವಲಸೆ ಸುದ್ದಿಯಾಗುವುದಿಲ್ಲ. ಹರಾಜೂ ಇಲ್ಲ, ಪ್ರತಿಭಟನೆಯೂ ಇಲ್ಲ.

ಈ ಪ್ರದೇಶದ ಸಮೀಪದಲ್ಲಿಯೇ ಅಮೆರಿಕದ ಕಾಲೇಜು ಫುಟ್‌ಬಾಲಿಗೆ ತೀರ ಹತ್ತಿರವಾದ ಸಂಸ್ಕೃತಿಯೊಂದು ಇರುವುದು ಗಮನಾರ್ಹ. ಕೋಲ್ಹಾಪುರದ ಫುಟ್‌ಬಾಲ್ ಪೇಟೆಗಳ ಆಟ. ಪಾಟಾಕಡೀಲ ತಾಲೀಮು ಮಂಡಳ, ಶಿವಾಜಿ ತರುಣ ಮಂಡಳ, ದಿಲಬಹಾರ ತಾಲೀಮು ಮೊದಲಾದ ತಂಡಗಳು ಓಣಿಯ ಗರಡಿಮನೆಗಳಿಂದಲೇ ಹುಟ್ಟಿದವು. ಅಲ್ಲಿ ಆಟಗಾರನು ಒಂದು ತಾಲೀಮನ್ನು ಬಿಟ್ಟು ಇನ್ನೊಂದನ್ನು ಸೇರುವುದು ಓಣಿಯ ಮಾನದ ಪ್ರಶ್ನೆ.

ಗಡಿಯ ಈಚೆಗೆ ಬರುವ ಲಾಭವೂ ಉಂಟು. ಸಾಂಗ್ಲಿಯಲ್ಲಿ ಬೆಳೆದು ಮಹಾರಾಷ್ಟ್ರಕ್ಕೆ ಆಡಿದ ಸ್ಮೃತಿ ಮಂಧಾನಾ ಅವರನ್ನು 2023ರ ಮಹಿಳಾ ಪ್ರೀಮಿಯರ್ ಲೀಗ್ ಹರಾಜಿನಲ್ಲಿ ಮುಂಬೈ ಇಂಡಿಯನ್ಸ್ ಜೊತೆ ಪೈಪೋಟಿ ನಡೆಸಿ ಆರ್‌ಸಿಬಿ 3.40 ಕೋಟಿಗೆ ಕೊಂಡಿತು. 2024ರ ಮಾರ್ಚ್‌ನಲ್ಲಿ ಅವರ ನಾಯಕತ್ವದಲ್ಲಿಯೇ ಬೆಂಗಳೂರಿನ ಫ್ರಾಂಚೈಸಿಗೆ ಮೊದಲ ಟ್ರೋಫಿ ದೊರೆಯಿತು; ಪುರುಷರ ತಂಡಕ್ಕಿಂತ ಒಂದು ವರ್ಷ ಮೊದಲು. ಸಾಂಗ್ಲಿಯಲ್ಲೇ ಹುಟ್ಟಿದ ವಿಜಯ್ ಹಜಾರೆ ಕೂಡ ಮಹಾರಾಷ್ಟ್ರವನ್ನು ಬಿಟ್ಟು ಬರೋಡಾ ಸಂಸ್ಥಾನದ ಆಶ್ರಯಕ್ಕೆ ಹೋದವರು. 1946–47ರ ರಣಜಿ ಫೈನಲ್‌ನಲ್ಲಿ ಬರೋಡಾ ಪರ ಗುಲ್ ಮೊಹಮ್ಮದ್ ಜೊತೆ 577 ರನ್ ಜೊತೆಯಾಟವಾಡಿದರು. ಫ್ರಾಂಚೈಸಿಗಳ ಕಾಲಕ್ಕೆ ಬಹಳ ಮೊದಲೇ ಮಹಾರಾಜರು ಇದೇ ಕೆಲಸ ಮಾಡುತ್ತಿದ್ದರು.

ಬೆಳಗಾವಿ ಭಾಗಕ್ಕೆ ತನ್ನದೇ ಎನ್ನಬಹುದಾದ ತಂಡ ಇದ್ದದ್ದು ಕರ್ನಾಟಕ ಪ್ರೀಮಿಯರ್ ಲೀಗ್‌ನ ಬೆಳಗಾವಿ ಪ್ಯಾಂಥರ್ಸ್. 2019ರ ಫಿಕ್ಸಿಂಗ್ ತನಿಖೆಯಲ್ಲಿ ಅದರ ಮಾಲೀಕರ ಬಂಧನವಾಯಿತು; ಲೀಗ್ ಅಲ್ಲಿಗೇ ನಿಂತಿತು. 2022ರಲ್ಲಿ ಆರಂಭವಾದ ಮಹಾರಾಜ ಟ್ರೋಫಿ ಟಿ20 ಪಂದ್ಯಾವಳಿಯಲ್ಲಿ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಗುಲ್ಬರ್ಗಾ ಮತ್ತು ಶಿವಮೊಗ್ಗ ಹೆಸರಿನ ಆರು ತಂಡಗಳಿಗೆ ಅವಕಾಶ ದೊರೆಯಿತು. ಬೆಳಗಾವಿಯ ಹೆಸರು ಅವುಗಳಲ್ಲಿ ಇರಲಿಲ್ಲ.